ಸ್ತನ ಕ್ಯಾನ್ಸರ್ ಹರಡುವುದು ಹೇಗೆ, ಬೇಗ ಪತ್ತೆ ಮಾಡುವುದು ಹೇಗೆ? ಕತಾರ್ ಕನ್ನಡಿಗರಿಗೆ ಮಾಹಿತಿ

ದೋಹಾ: "ನೋವೇನೂ ಇಲ್ಲವಲ್ಲ, ರಜೆಗೆ ಊರಿಗೆ ಹೋದಾಗ ತೋರಿಸಿದ್ರಾಯ್ತು." ಗಲ್ಫ್‌ನಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ರಜೆ ಸಿಗುವುದು ವರ್ಷಕ್ಕೊಮ್ಮೆ, ಕೆಲವರಿಗೆ ಎರಡು ವರ್ಷಕ್ಕೊಮ್ಮೆ. ಆದರೆ ಎದೆಯಲ್ಲಿನ ಗಂಟು ರಜೆಗಾಗಿ ಕಾಯುವುದಿಲ್ಲ. ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಬಹುತೇಕ ನೋಯುವುದೇ ಇಲ್ಲ. ನೋವಿಲ್ಲ ಅಂದರೆ ಅಪಾಯವಿಲ್ಲ ಎಂದು ತಿಳಿಯುವುದೇ ಇಲ್ಲಿ ದೊಡ್ಡ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ಕಾಯಿಲೆ ಪತ್ತೆಯಾಯಿತು, 6.7 ಲಕ್ಷ ಮಂದಿ ತೀರಿಕೊಂಡರು. ಕತಾರ್‌ನಲ್ಲೂ ಭಾರತದಲ್ಲೂ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಗಂಡಸರಿಗೂ ಬರಬಹುದು, ಆದರೆ ಅದು ನೂರರಲ್ಲಿ ಒಂದು ಪ್ರಕರಣದಷ್ಟು ಮಾತ್ರ.

ಹರಡುವುದು ಹೇಗೆ?

ಹೆಚ್ಚಿನ ಸ್ತನ ಕ್ಯಾನ್ಸರ್‌ಗಳು ಹಾಲಿನ ನಾಳಗಳ ಒಳಪದರದಲ್ಲಿ ಹುಟ್ಟುತ್ತವೆ. ನಾಳದ ಗೋಡೆ ದಾಟದೆ ಒಳಗೇ ಇದ್ದಾಗ ಚಿಕಿತ್ಸೆ ಸುಲಭ. ಗೋಡೆ ದಾಟಿದ ಕೋಶಗಳು ಸಾಮಾನ್ಯವಾಗಿ ಮೊದಲು ಕಂಕುಳಿನ ದುಗ್ಧಗ್ರಂಥಿಗಳಿಗೆ ಹೋಗುತ್ತವೆ. ರಕ್ತದ ಮೂಲಕ ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳಿಗೂ ತಲುಪಬಹುದು. ಮೂಳೆಗೆ ಹೋದರೂ ಅದು ಮೂಳೆಯ ಕ್ಯಾನ್ಸರ್ ಅಲ್ಲ, ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್. ಔಷಧಿಯನ್ನೂ ಅದಕ್ಕೆ ತಕ್ಕಂತೆಯೇ ಕೊಡುತ್ತಾರೆ.

ಕೆಲವು ಅಂಗಗಳಿಗೇ ಯಾಕೆ ಹೆಚ್ಚು ಹರಡುತ್ತದೆ? ಈ ಪ್ರಶ್ನೆಯನ್ನು 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎತ್ತಿದರು. ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಹಿಳೆಯರ ದಾಖಲೆಗಳನ್ನು ನೋಡಿ, ಹರಡುವುದು ಬರೀ ಆಕಸ್ಮಿಕವಲ್ಲ ಎಂದರು. ಕ್ಯಾನ್ಸರ್ ಕೋಶ ಬೀಜವಿದ್ದಂತೆ, ಅಂಗ ಮಣ್ಣಿದ್ದಂತೆ ಎಂಬುದು ಅವರ ವಿವರಣೆ. ಬೀಜ ಎಲ್ಲ ಕಡೆ ಬಿದ್ದರೂ ಹದವಾದ ನೆಲದಲ್ಲಿ ಮಾತ್ರ ಮೊಳೆಯುತ್ತದೆ. ರೈತಾಪಿ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ಸಂಶೋಧನೆಯೂ ಇದೇ ದಾರಿಯಲ್ಲಿ ಸಾಗಿದೆ. ದೋಹಾದ ಎಜುಕೇಶನ್ ಸಿಟಿಯಲ್ಲಿರುವ ವೈಲ್ ಕಾರ್ನೆಲ್ ಮೆಡಿಸಿನ್-ಕತಾರ್‌ನಲ್ಲಿ, ರಕ್ತನಾಳದ ಒಳಪದರದ ಕೋಶಗಳು ಗಡ್ಡೆಯ ಬೆಳವಣಿಗೆಗೆ ಹೇಗೆ ನೆರವಾಗುತ್ತವೆ ಎಂಬ ಅಧ್ಯಯನಗಳು ನಡೆದಿವೆ.

2022ರಲ್ಲಿ ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಇನ್ನೊಂದು ಸಂಗತಿ ಕಂಡುಕೊಂಡರು. 30 ರೋಗಿಗಳ ರಕ್ತವನ್ನು ಹಗಲು ಮತ್ತು ರಾತ್ರಿ ಪರೀಕ್ಷಿಸಿದಾಗ, ಗಡ್ಡೆಯಿಂದ ಕಳಚಿ ರಕ್ತಕ್ಕೆ ಸೇರಿದ ಕೋಶಗಳು ನಿದ್ದೆಯ ಹೊತ್ತಿನಲ್ಲೇ ಹೆಚ್ಚು ಸಿಕ್ಕವು. ಹಾಗಂತ ನಿದ್ದೆ ಬಿಡಬೇಕು ಎಂದು ಅರ್ಥವಲ್ಲ. ಯಾವ ಹೊತ್ತಿನಲ್ಲಿ ರಕ್ತ ತೆಗೆದು ನೋಡಬೇಕು, ಯಾವಾಗ ಔಷಧಿ ಕೊಡಬೇಕು ಎಂದು ವೈದ್ಯರು ಯೋಚಿಸಲು ಇದು ದಾರಿ ಮಾಡಿಕೊಟ್ಟಿದೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

- ಎದೆಯಲ್ಲಿ ಅಥವಾ ಕಂಕುಳಲ್ಲಿ ಹೊಸದಾಗಿ ಕಂಡ ಗಂಟು, ನೋವಿರಲಿ ಇಲ್ಲದಿರಲಿ
- ಒಂದು ಸ್ತನದ ಗಾತ್ರ ಅಥವಾ ಆಕಾರದಲ್ಲಿ ಬದಲಾವಣೆ
- ಚರ್ಮ ಒಳಗೆ ಎಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತಾಗುವುದು, ಕೆಂಪಾಗುವುದು
- ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತ ಬರುವುದು

ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅದು ಹೌದೋ ಅಲ್ಲವೋ ಎಂದು ಮುಟ್ಟಿ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್‌ರೇ. ಚಿಕ್ಕ ವಯಸ್ಸಿನವರಲ್ಲಿ ಅಲ್ಟ್ರಾಸೌಂಡ್ ಹೆಚ್ಚು ಉಪಯೋಗ. ಅನುಮಾನವಿದ್ದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. "ಸೂಜಿ ಹಾಕಿದ್ರೆ ಹರಡುತ್ತೆ" ಅನ್ನುವ ಭಯದಿಂದ ಇದನ್ನು ಬಿಡಬಾರದು, ಬಯಾಪ್ಸಿ ಇಲ್ಲದೆ ಸರಿಯಾದ ಔಷಧಿ ಆರಿಸಲು ಆಗುವುದಿಲ್ಲ.

"ಪೂರ್ತಿ ತೆಗೆದುಬಿಡ್ತಾರೆ" ಎಂಬ ಹೆದರಿಕೆಯೂ ಅನೇಕರನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ. ಹಿಂದೆ ಹಾಗೆಯೇ ಇತ್ತು. ಅಮೆರಿಕದ ಡಾ. ಬರ್ನಾರ್ಡ್ ಫಿಶರ್ ತಂಡ 1985ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬದಲಿಸಿತು. ಆರಂಭದ ಹಂತದಲ್ಲಿ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಪ್ರಮಾಣ ಅಷ್ಟೇ ಎಂದು ತಿಳಿಯಿತು. 20 ವರ್ಷಗಳ ನಂತರದ ಫಲಿತಾಂಶವೂ ಅದನ್ನೇ ಹೇಳಿತು. ಬೇಗ ಹೋದವರಿಗೇ ಈ ಅವಕಾಶ ಹೆಚ್ಚು.

ಮುಂಬೈನ ಪಾಠ

ಎಲ್ಲ ಊರಲ್ಲೂ ಮ್ಯಾಮೊಗ್ರಾಂ ಯಂತ್ರ ಇರುವುದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಇದಕ್ಕೊಂದು ಉತ್ತರ ಹುಡುಕಿತು. 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ 20 ವರ್ಷಗಳ ಫಲಿತಾಂಶದಲ್ಲಿ, ಪರೀಕ್ಷೆಗೊಳಗಾದ ಗುಂಪಿನಲ್ಲಿ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಗಿತ್ತು. 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಕತಾರ್‌ನಲ್ಲಿ ಎಲ್ಲಿ ತೋರಿಸಬೇಕು?

ಲಕ್ಷಣವಿಲ್ಲದ 45ರಿಂದ 69 ವರ್ಷದ ಮಹಿಳೆಯರಿಗಾಗಿ ಪ್ರೈಮರಿ ಹೆಲ್ತ್ ಕೇರ್ ಕಾರ್ಪೊರೇಷನ್ 'ಸ್ಕ್ರೀನ್ ಫಾರ್ ಲೈಫ್' ಎಂಬ ತಪಾಸಣಾ ಕಾರ್ಯಕ್ರಮ ನಡೆಸುತ್ತಿದೆ. ಅಲ್ ವಕ್ರಾ, ಲೆಬೈಬ್, ರೌದತ್ ಅಲ್ ಖೈಲ್ ಆರೋಗ್ಯ ಕೇಂದ್ರಗಳಲ್ಲಿ ಇದರ ವ್ಯವಸ್ಥೆಯಿದ್ದು, ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡುತ್ತಾರೆ. ಸಮಯ ನಿಗದಿಗೆ 8001112ಕ್ಕೆ ಕರೆ ಮಾಡಬಹುದು. ಹೋಗುವಾಗ ಹೆಲ್ತ್ ಕಾರ್ಡ್ ಮತ್ತು ಕತಾರ್ ಐಡಿ ಮರೆಯಬೇಡಿ.

ಗಂಟು ಈಗಾಗಲೇ ಕಂಡಿದ್ದರೆ ಈ ತಪಾಸಣೆಗೆ ಕಾಯಬಾರದು. ವಯಸ್ಸು ಎಷ್ಟೇ ಇರಲಿ, ನೇರವಾಗಿ ನಿಮ್ಮ ಹೆಲ್ತ್ ಸೆಂಟರ್ ವೈದ್ಯರಿಗೆ ತೋರಿಸಿ. ಚಿಕಿತ್ಸೆ ಹಮದ್ ಮೆಡಿಕಲ್ ಕಾರ್ಪೊರೇಷನ್ನಿನ ಕ್ಯಾನ್ಸರ್ ಕೇಂದ್ರದಲ್ಲಿ ಲಭ್ಯ. ಹಳಬರು ಅದನ್ನು ಅಲ್ ಅಮಲ್ ಆಸ್ಪತ್ರೆ ಎಂದೇ ಕರೆಯುತ್ತಾರೆ.

ಮನೆಕೆಲಸದ ಅಕ್ಕ-ತಂಗಿಯರು ಒಂದು ವಿಷಯ ತಿಳಿದಿರಬೇಕು. ಕತಾರ್‌ನ 2017ರ 15ನೇ ಕಾನೂನಿನಂತೆ, ಕಾಯಿಲೆಯಾದಾಗ ಮನೆಕೆಲಸದವರಿಗೆ ಚಿಕಿತ್ಸೆ ಮತ್ತು ಔಷಧಿ ಒದಗಿಸುವುದು ಮಾಲೀಕರ ಹೊಣೆ, ಅದರ ಖರ್ಚನ್ನು ಕೆಲಸದವರ ಮೇಲೆ ಹಾಕುವಂತಿಲ್ಲ. ಡಾಕ್ಟರಿಗೆ ತೋರಿಸಬೇಕು ಎಂದು ಕೇಳಲು ಸಂಕೋಚ ಬೇಡ.

ಊರಲ್ಲಿರುವವರಿಗೆ

ಊರಲ್ಲಿ 30 ದಾಟಿದ ಮಹಿಳೆಯರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಳ್ಳಬಹುದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳಿಗೆ ಆಸರೆಯಾಗಿದೆ.

ಗಂಡ ದೋಹಾದಲ್ಲಿ, ಹೆಂಡತಿ ಊರಲ್ಲಿ ಇರುವ ಮನೆಗಳೇ ನಮ್ಮಲ್ಲಿ ಹೆಚ್ಚು. "ಅವರಿಗೆ ಅಲ್ಲಿ ಟೆನ್ಷನ್ ಬೇಡ" ಎಂದು ಆಕೆ ಗಂಟಿನ ವಿಷಯ ಮುಚ್ಚಿಟ್ಟಿರಬಹುದು. ಈ ಶುಕ್ರವಾರ ಮನೆಗೆ ಫೋನ್ ಮಾಡಿದಾಗ ಹಣ ತಲುಪಿತಾ ಎಂದು ಕೇಳುವ ಜೊತೆಗೆ ಹೆಂಡತಿ, ಅಮ್ಮ, ಅಕ್ಕನ ಆರೋಗ್ಯವನ್ನೂ ಬಾಯಿಬಿಟ್ಟು ಕೇಳಿ. ಏನಾದರೂ ಇದೆ ಅಂದರೆ, ನೀವು ಬರುವ ತನಕ ಕಾಯುವುದು ಬೇಡ, ನಾಳೆಯೇ ಹೋಗಿ ತೋರಿಸು ಎನ್ನಿ.