ಹೊಟ್ಟೆಹುಣ್ಣು ಮತ್ತು ಆಮಶಂಕೆಯ ಮಾತ್ರೆ

ಖಾನಾಪುರದ ಕಾಡಂಚಿನಲ್ಲಿ ಹೊಟ್ಟೆ ಉರಿದರೆ ಮೊದಲ ಮದ್ದು ಮುರುಗಲ ಪಾನಕ. ಅದಕ್ಕೂ ತಗ್ಗದೆ ಬೆಳಗಾವಿಗೆ ಹೋದವರಿಗೆ ಒಂದು ಕಾಲಕ್ಕೆ ಸಿಗುತ್ತಿದ್ದ ಸಲಹೆ ಖಾರ ಬಿಡಿ, ಚಿಂತೆ ಬಿಡಿ ಎಂಬುದು. ವೈದ್ಯರನ್ನು ದೂರಿ ಫಲವಿಲ್ಲ. ಜಗತ್ತಿನ ಪಠ್ಯಪುಸ್ತಕಗಳೇ ಹಾಗಿದ್ದವು.

1982ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಜಠರದಿಂದ ತೆಗೆದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಅದೂ ಈಸ್ಟರ್ ರಜೆಯಿಂದಾಗಿ ತಟ್ಟೆಗಳು ಹೆಚ್ಚು ದಿನ ಉಳಿದುಕೊಂಡಿದ್ದರಿಂದ! ಹಲವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಈ ಹೆಲಿಕೋಬ್ಯಾಕ್ಟರ್ ಪೈಲೋರಿ ಹೊಕ್ಕವರಿಗೆಲ್ಲ ಹುಣ್ಣಾಗದು. ಕ್ಯಾಗ್-ಎ ಜೀನ್ ಇರುವ ತಳಿ ಮಾತ್ರ ಉಗ್ರ: ತನ್ನ ಪ್ರೋಟೀನನ್ನು ಜಠರದ ಜೀವಕೋಶದೊಳಕ್ಕೇ ಚುಚ್ಚುತ್ತದೆ. ಹುಣ್ಣಿನ, ಕ್ಯಾನ್ಸರಿನ ಅಪಾಯ ಅಲ್ಲಿ ಹೆಚ್ಚು.

ಅದನ್ನು ಕೊಲ್ಲುವ ಔಷಧಗಳಲ್ಲಿ ಮೆಟ್ರೊನಿಡಜೋಲ್ ಒಂದು. ನಮ್ಮವರಿಗೆ ಅದು ಆಮಶಂಕೆಯ ಮಾತ್ರೆಯೆಂದೇ ಪರಿಚಿತ. ಚೀಟಿಯಿಲ್ಲದೆ ತಂದು, ಭೇದಿ ನಿಂತೊಡನೆ ಬಿಟ್ಟ ಒಂದೆರಡು ಮಾತ್ರೆಗಳು ಜಠರದ ಬ್ಯಾಕ್ಟೀರಿಯಕ್ಕೂ ತಾಗಿದವು. ದುರ್ಬಲವಾದವು ಸತ್ತವು, ತಡೆದುಕೊಂಡವು ಬೆಳೆದವು. ಮಣಿಪಾಲದ ಸಂಶೋಧಕರು ಕರ್ನಾಟಕದ ರೋಗಿಗಳಿಂದ ಸಂಗ್ರಹಿಸಿ 2019ರಲ್ಲಿ ವರದಿ ಮಾಡಿದ ತಳಿಗಳಲ್ಲಿ ಸುಮಾರು ಐದಕ್ಕೆ ನಾಲ್ಕು ಈ ಮಾತ್ರೆಗೆ ಬಗ್ಗಲಿಲ್ಲ.