ಒಂಬತ್ತು ದಿನ ಬಾಳಿದ ಗುಂಪು

ನಿಮ್ಮಲ್ಲಿ ಹೆಚ್ಚಿನವರು 2004ರ ಆಸುಪಾಸಿನಲ್ಲಿ ಅಥವಾ ಅದಾದ ಮೇಲೆ ಹುಟ್ಟಿದವರು. ಹಾಗಾಗಿ ‘ಕ್ವಾಡ್’ ಎಂಬ ಹೆಸರು ಕಿವಿಗೆ ಬಿದ್ದರೆ ನಿಮ್ಮ ಕಣ್ಣಮುಂದೆ ಬರುವುದು ನಾಲ್ಕು ಧ್ವಜಗಳು, ಅವುಗಳ ಮುಂದೆ ನಗುತ್ತಾ ನಿಂತ ನಾಲ್ವರು ನಾಯಕರು. ಭಾರತ, ಆಸ್ಟ್ರೇಲಿಯಾ, ಜಪಾನ್, ಅಮೆರಿಕ. ಶಾಲೆಯಲ್ಲೋ ಯೂನಿಯಲ್ಲೋ ಯಾರಾದರೂ ಇದನ್ನು ‘ಚೀನಾ ವಿರುದ್ಧ ಕಟ್ಟಿದ ಕೂಟ’ ಎಂದು ಒಂದೇ ಮಾತಿನಲ್ಲಿ ಮುಗಿಸಿರಬಹುದು. ಆ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಈ ನಾಲ್ಕು ದೇಶಗಳು ಮೊದಲು ಒಟ್ಟಿಗೆ ಕೂತದ್ದು ಯುದ್ಧದ ಲೆಕ್ಕಾಚಾರಕ್ಕಲ್ಲ. ಕೂತದ್ದು ಎನ್ನುವುದೂ ತಪ್ಪಾದೀತು, ಅವರು ಫೋನಿನಲ್ಲಿ ಮಾತಾಡಿಕೊಂಡರು, ಅಷ್ಟೆ.

2004ರ ಡಿಸೆಂಬರ್ 26, ಭಾನುವಾರ. ಕ್ರಿಸ್‌ಮಸ್ ಮರುದಿನ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಹತ್ತಿರ ಕಡಲ ತಳದಲ್ಲಿ 9.1ರ ತೀವ್ರತೆಯ ಭೂಕಂಪ. ಭಾರತದಲ್ಲಿ ಆಗ ಬೆಳಿಗ್ಗೆ ಆರೂವರೆ. ನಾಗಪಟ್ಟಿಣದ ಮೀನುಗಾರರ ಕೇರಿಗಳಿಗೆ ಅಲೆ ಬಂದು ಅಪ್ಪಳಿಸಿದ್ದು ಸುಮಾರು ಎರಡು, ಎರಡೂವರೆ ಗಂಟೆಯ ನಂತರ. ಆ ಎರಡು ಗಂಟೆ ಯಾರೂ ಯಾರಿಗೂ ಎಚ್ಚರಿಕೆ ಕೊಡಲಿಲ್ಲ, ಏಕೆಂದರೆ ಹಿಂದೂ ಮಹಾಸಾಗರದಲ್ಲಿ ಅಂಥ ವ್ಯವಸ್ಥೆಯೇ ಇರಲಿಲ್ಲ. ಪೆಸಿಫಿಕ್ ಸಾಗರಕ್ಕೆ ಇತ್ತು. ಒಟ್ಟು ಸುಮಾರು 2,30,000 ಜನ ಸತ್ತರು. ಕಾರ್ ನಿಕೋಬಾರ್ ದ್ವೀಪದಲ್ಲಿ ಭಾರತೀಯ ವಾಯುಪಡೆಯ ನೆಲೆಯೇ ಕೊಚ್ಚಿಹೋಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಮುಂದೆ ನಡೆದದ್ದು ಸಾಮಾನ್ಯ ಸಂಗತಿಯಲ್ಲ. ತನ್ನದೇ ತೀರದಲ್ಲಿ ಸಾವಿರಾರು ಹೆಣ ಬಿದ್ದಿರುವಾಗ ಭಾರತ ಅಕ್ಕಪಕ್ಕದವರ ಕಡೆಗೆ ಹಡಗು ಕಳಿಸಿತು. ಶ್ರೀಲಂಕಾಕ್ಕೆ ಅದೇ ದಿನ ನೆರವು ಹೊರಟಿತು, ಮಾಲ್ಡೀವ್ಸ್‌ಗೆ ಬೇರೆ ಹಡಗುಗಳು ಹೋದವು. ಸಮುದ್ರದ ಆಳ ಅಳೆದು ನಕ್ಷೆ ಮಾಡುವ ‘ನಿರೂಪಕ್’ ಎಂಬ ಹಡಗು ಆಸ್ಪತ್ರೆಯಾಗಿ ಬದಲಾಗಿ ಇಂಡೊನೇಷ್ಯಾದ ಮುಲಾಬೋ ಪಟ್ಟಣಕ್ಕೆ ಹೋಯಿತು. ಒಟ್ಟು 32 ಹಡಗುಗಳು ಕೆಲಸಕ್ಕೆ ಇಳಿದವು. ತನಗೆ ಬೇರೆ ಸರ್ಕಾರಗಳ ಸಹಾಯ ಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂದೂ ದಿಲ್ಲಿ ಹೇಳಿತು. ಅದನ್ನು ಬಿಗುಮಾನ ಎಂದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಕೈ ಚಾಚುವ ದೇಶ ಎಂದೇ ಐವತ್ತು ವರ್ಷ ಕರೆಸಿಕೊಂಡವರು ಕೈ ಕೊಡುವ ಜಾಗಕ್ಕೆ ಬಂದು ನಿಂತ ಗಳಿಗೆ ಅದು.

ಅತ್ತ ಅಮೆರಿಕದ ವಿಮಾನವಾಹಕ ನೌಕೆ ‘ಅಬ್ರಹಾಂ ಲಿಂಕನ್’ ಆಚೆ ತೀರಕ್ಕೆ ಬಂತು. ಆಸ್ಟ್ರೇಲಿಯಾದ ‘ಕನಿಂಬ್ಲಾ’ ಹೊರಟಿತು, ಜಪಾನ್ ಕೂಡ ತನ್ನ ಪಡೆಯನ್ನು ಕಳಿಸಿತು. ಇಷ್ಟೆಲ್ಲ ಹಡಗು, ಹೆಲಿಕಾಪ್ಟರ್ ಒಂದೇ ಕಡೆ ನುಗ್ಗಿದರೆ ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದು ಖಂಡಿತ. ಡಿಸೆಂಬರ್ 29ರಂದು ಅಧ್ಯಕ್ಷ ಬುಷ್ ನಾಲ್ಕು ದೇಶಗಳ ಒಂದು ಗುಂಪನ್ನು ಘೋಷಿಸಿದರು. ಅಮೆರಿಕದ ಕಡೆಯಿಂದ ಮಾರ್ಕ್ ಗ್ರಾಸ್‌ಮನ್, ಭಾರತದ ಕಡೆಯಿಂದ ವಿದೇಶಾಂಗ ಕಾರ್ಯದರ್ಶಿ ಶ್ಯಾಮ್ ಸರಣ್ ಮತ್ತು ಉಳಿದೆರಡು ದೇಶದ ಅಧಿಕಾರಿಗಳು ದಿನವೂ ಫೋನಿನಲ್ಲಿ ಸೇರುತ್ತಿದ್ದರು. ಯಾರ ಹಡಗು ಎಲ್ಲಿದೆ, ಯಾರ ಹತ್ತಿರ ನೀರಿದೆ, ಯಾವ ಊರಿಗೆ ಇನ್ನೂ ಯಾರೂ ಮುಟ್ಟಿಲ್ಲ. ಕಚೇರಿಯಿಲ್ಲ, ಒಪ್ಪಂದವಿಲ್ಲ, ಜಂಟಿ ಹೇಳಿಕೆಯಿಲ್ಲ. 2005ರ ಜನವರಿ 6ರಂದು ಜಕಾರ್ತಾದ ಸಭೆಯಲ್ಲಿ ಕೆಲಸವನ್ನು ವಿಶ್ವಸಂಸ್ಥೆಯ ಕೈಗೆ ಒಪ್ಪಿಸಿ ಗುಂಪು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಬಾಳಿದ್ದು ಒಂಬತ್ತು ದಿನ.

ಗುಂಪು ಮುಗಿದರೂ ಕೆಲಸ ಮುಗಿದಿರಲಿಲ್ಲ. ಮಾರ್ಚ್ 28ರಂದು ನಿಯಾಸ್ ದ್ವೀಪದಲ್ಲಿ ಇನ್ನೊಂದು ಭೂಕಂಪವಾಯಿತು. ನೆರವಿಗೆ ಮತ್ತೆ ಹೋದ ಕನಿಂಬ್ಲಾದ ಒಂದು ಹೆಲಿಕಾಪ್ಟರ್ ಏಪ್ರಿಲ್ 2ರಂದು ಅಲ್ಲಿ ಬಿದ್ದು ಒಂಬತ್ತು ಆಸ್ಟ್ರೇಲಿಯನ್ನರು ಸತ್ತರು. ಆನ್ಜಾಕ್ ದಿನ ನೀವು ಮುಂಜಾವಿನಲ್ಲಿ ಎದ್ದು ಸ್ಮಾರಕದ ಮುಂದೆ ನಿಂತಾಗ ಇವರನ್ನೂ ನೆನೆಯಬಹುದು.

ಇಂಥ ಸಹಕಾರಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದು ಹೆಸರಿದೆ, ಮುಯ್ಯಾಳು. ಊರಿನ ಅಜ್ಜಿಗೆ ಫೋನ್ ಮಾಡಿದಾಗ ಕೇಳಿ ನೋಡಿ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ. ಕಾಗದ ಪತ್ರ ಏನೂ ಇಲ್ಲ. ಮುಯ್ಯಾಳಿನ ಗುಣವೂ ದೋಷವೂ ಅದರಲ್ಲೇ ಇದೆ. ಬರದಿದ್ದರೆ ಕೋರ್ಟಿಗೆ ಹೋಗುವಂತಿಲ್ಲ.

ಈ ನಾಲ್ವರು ಹಾಗೆ ಸೇರಿದ್ದು ಏಕೆ ಅಚ್ಚರಿ ಎಂದರೆ, ಅದಕ್ಕೆ ಆರೇ ವರ್ಷ ಹಿಂದೆ, 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣುಬಾಂಬು ಪರೀಕ್ಷಿಸಿದಾಗ ಅಮೆರಿಕ, ಜಪಾನ್ ಎರಡೂ ನಿರ್ಬಂಧ ಹೇರಿದ್ದವು, ಆಸ್ಟ್ರೇಲಿಯಾ ಸೇನಾ ಸಂಬಂಧವನ್ನೇ ತಡೆಹಿಡಿದಿತ್ತು. ಇನ್ನೊಂದು ವಿಷಯ. ಆಸ್ಟ್ರೇಲಿಯಾ, ಜಪಾನ್ ಎರಡಕ್ಕೂ 1951ರಿಂದ ಅಮೆರಿಕದ ಜೊತೆ ರಕ್ಷಣಾ ಒಪ್ಪಂದವಿದೆ. ಭಾರತ ಯಾರ ಬಣಕ್ಕೂ ಸೇರದೆ ಬಾಳಿದ ದೇಶ. ಒಪ್ಪಂದ ಮುಂದಿಟ್ಟು ‘ಸಹಿ ಮಾಡು’ ಎಂದಿದ್ದರೆ ಭಾರತ ಬರುತ್ತಲೇ ಇರಲಿಲ್ಲ. ಕಾಗದವಿಲ್ಲದ್ದರಿಂದಲೇ ಬಂತು.

ಮುಂದೆ 2007. ಜಪಾನಿನ ಪ್ರಧಾನಿ ಶಿಂಜೊ ಅಬೆಗೆ ಆ ಒಂಬತ್ತು ದಿನದ ಗುಂಪಿಗೆ ಮತ್ತೆ ಜೀವ ಕೊಡುವ ಆಸೆ. ಮೇ ತಿಂಗಳಲ್ಲಿ ಮನಿಲಾದಲ್ಲಿ ನಾಲ್ಕೂ ದೇಶಗಳ ಅಧಿಕಾರಿಗಳು ಸದ್ದಿಲ್ಲದೆ ಸೇರಿದರು. ಚೀನಾ ನಾಲ್ವರಿಗೂ ‘ಏನಿದು’ ಎಂದು ವಿವರಣೆ ಕೇಳಿತು. ಆಗಸ್ಟ್ 22ರಂದು ಅಬೆ ದಿಲ್ಲಿಯ ಸಂಸತ್ ಭವನದಲ್ಲಿ ಒಂದು ಭಾಷಣ ಮಾಡಿದರು. ಅದರ ಹೆಸರು ‘ಎರಡು ಸಾಗರಗಳ ಸಂಗಮ’. ಆ ಹೆಸರು ಎಲ್ಲಿಂದ ಬಂತು ಗೊತ್ತೇ? ಮೊಘಲ್ ರಾಜಕುಮಾರ ದಾರಾ ಶಿಕೋಹ್ 1655ರಲ್ಲಿ ಬರೆದ ಪುಸ್ತಕದಿಂದ. ಅವನಿಗೆ ಆ ಎರಡು ಸಾಗರಗಳೆಂದರೆ ಸೂಫಿ ಚಿಂತನೆ ಮತ್ತು ವೇದಾಂತ. ಅಬೆ ಅದನ್ನು ತೆಗೆದುಕೊಂಡು ಹಿಂದೂ ಮಹಾಸಾಗರ, ಪೆಸಿಫಿಕ್ ಎಂದು ಬದಲಿಸಿದರು. ಅಣ್ಣನಾದ ದಾರಾನನ್ನು ಕೊಲ್ಲಿಸಿ ಪಟ್ಟವೇರಿದವನು ಔರಂಗಜೇಬ. ಸೋತವನ ಪುಸ್ತಕದ ಹೆಸರು ಮುನ್ನೂರೈವತ್ತು ವರ್ಷದ ನಂತರ ಸಮುದ್ರ ರಾಜಕೀಯಕ್ಕೆ ಬಂದದ್ದು ನೋಡಿ!

ಸೆಪ್ಟೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ‘ಮಲಬಾರ್’ ನೌಕಾ ಅಭ್ಯಾಸ ನಡೆಯಿತು. ಈ ನಾಲ್ವರ ಜೊತೆ ಸಿಂಗಪುರವೂ ಸೇರಿ ಐದು ನೌಕಾಪಡೆ, ಮೂರು ವಿಮಾನವಾಹಕ ನೌಕೆ. ಆಗಿನ ಮನಮೋಹನ ಸಿಂಗ್ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಡುತ್ತಿದ್ದ ಎಡಪಕ್ಷಗಳೇ ಇದನ್ನು ವಿರೋಧಿಸಿ ಕೋಲ್ಕತ್ತ ಮತ್ತು ಚೆನ್ನೈಯಿಂದ ವಿಶಾಖಪಟ್ಟಣಕ್ಕೆ ಜಾಥಾ ಹೊರಟವು. ಅಭ್ಯಾಸ ಮುಗಿದ ಮೂರನೇ ದಿನ ಅಬೆ ರಾಜೀನಾಮೆ ಘೋಷಿಸಿದರು. ನವೆಂಬರ್‌ನಲ್ಲಿ ಇಲ್ಲಿ ಜಾನ್ ಹೋವರ್ಡ್ ಸೋತು ಕೆವಿನ್ ರಡ್ ಬಂದರು. 2008ರ ಫೆಬ್ರವರಿಯಲ್ಲಿ ಕ್ಯಾನ್‌ಬೆರಾದಲ್ಲಿ ವಿದೇಶಾಂಗ ಸಚಿವ ಸ್ಟೀಫನ್ ಸ್ಮಿತ್, ಚೀನಾದ ವಿದೇಶಾಂಗ ಸಚಿವರನ್ನು ಪಕ್ಕದಲ್ಲಿಟ್ಟುಕೊಂಡೇ, ಆಸ್ಟ್ರೇಲಿಯಾ ಮತ್ತೊಮ್ಮೆ ಅಂಥ ಮಾತುಕತೆಗೆ ಮುಂದಾಗುವುದಿಲ್ಲ ಎಂದರು. ಪತ್ರಿಕಾಗೋಷ್ಠಿಯ ಒಂದು ಉತ್ತರ, ಅಲ್ಲಿಗೆ ಕ್ವಾಡ್ ಮುಗಿಯಿತು.

ಭಾರತದಲ್ಲಿ ಬಹಳ ಮಂದಿ ಇಂದಿಗೂ ‘ಆಸ್ಟ್ರೇಲಿಯಾ ಕೈಕೊಟ್ಟಿತು’ ಎನ್ನುತ್ತಾರೆ. ನಿಮಗೂ ಊರಿಗೆ ಹೋದಾಗ ಮಾವನೋ ಚಿಕ್ಕಪ್ಪನೋ ಹೀಗೆ ಚುಚ್ಚಬಹುದು. ಲೆಕ್ಕ ಅಷ್ಟು ಸರಳವಲ್ಲ. ದಿಲ್ಲಿಗೂ ಆಗ ಉತ್ಸಾಹ ಉಳಿದಿರಲಿಲ್ಲ, ವಾಷಿಂಗ್ಟನ್ನಿಗೆ ಬೇರೆ ಕಡೆ ಚೀನಾದ ಸಹಾಯ ಬೇಕಿತ್ತು. ನಾಲ್ವರಲ್ಲಿ ಬಾಯಿಬಿಟ್ಟು ಹೇಳಿದವರು ಸಿಕ್ಕಿಬಿದ್ದರು.

ಒಂಬತ್ತು ವರ್ಷ ಹೆಚ್ಚೇನೂ ನಡೆಯಲಿಲ್ಲ. 2017ರ ನವೆಂಬರ್‌ನಲ್ಲಿ, ಮತ್ತೆ ಮನಿಲಾದಲ್ಲಿ, ಅಧಿಕಾರಿಗಳು ಸೇರಿದರು. ಮರುವರ್ಷ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಇದನ್ನು ಕಡಲ ನೊರೆಗೆ ಹೋಲಿಸಿದರು, ಬೇಗ ಕರಗುತ್ತದೆ ಎಂಬ ಅರ್ಥದಲ್ಲಿ. ಕರಗಲಿಲ್ಲ, ಮತ್ತು ಅದಕ್ಕೆ ಚೀನಾದ ನಡೆಯೂ ಒಂದು ಕಾರಣ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ 20 ಭಾರತೀಯ ಸೈನಿಕರು ಸತ್ತರು. ಅದೇ ವರ್ಷ ಆಸ್ಟ್ರೇಲಿಯಾದ ಬಾರ್ಲಿ, ವೈನ್ ಮೇಲೆ ಚೀನಾ ಭಾರೀ ಸುಂಕ ಹಾಕಿತು. ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಯುದ್ಧನೌಕೆ ‘ಬ್ಯಾಲರಾಟ್’ ಹದಿಮೂರು ವರ್ಷದ ನಂತರ ಮಲಬಾರ್ ಅಭ್ಯಾಸಕ್ಕೆ ಮರಳಿತು. ಅದರ ಎರಡನೇ ಹಂತ ನಡೆದದ್ದು ನಮ್ಮ ಅರಬ್ಬೀ ಸಮುದ್ರದಲ್ಲಿ. ಅಲ್ಲಿ ಭಾರತದ ಮುಖ್ಯ ನೌಕೆಯಾಗಿದ್ದ ‘ವಿಕ್ರಮಾದಿತ್ಯ’ದ ತವರು ಕಾರವಾರ. ಆ ನೌಕಾನೆಲೆಯ ಹೆಸರು ‘ಕದಂಬ’, ಬನವಾಸಿಯ ಕದಂಬರ ನೆನಪಿನದು.

2023ರ ಆಗಸ್ಟ್‌ನಲ್ಲಿ ಮಲಬಾರ್ ಅಭ್ಯಾಸ ಮೊದಲ ಬಾರಿಗೆ ಆಸ್ಟ್ರೇಲಿಯಾಕ್ಕೆ, ಸಿಡ್ನಿಯ ಕಡಲಿಗೆ ಬಂತು. ಭಾರತದಿಂದ ಬಂದ ಎರಡು ಹಡಗುಗಳಲ್ಲಿ ಒಂದರ ಹೆಸರು ‘ಸಹ್ಯಾದ್ರಿ’. ಮಲೆನಾಡಿನ ಮಳೆ ಕಂಡವರಿಗೆ ಆ ಹೆಸರು ಸಿಡ್ನಿಯಲ್ಲಿ ಕೇಳಿದಾಗ ಏನಾಯಿತು ಎಂದು ನಾನು ವಿವರಿಸಬೇಕಿಲ್ಲ.

ಆದರೆ ಹಡಗು ನೋಡಿ ಚಪ್ಪಾಳೆ ತಟ್ಟಿದರೆ ಸಾಲದು. ಮುಯ್ಯಾಳಿನ ಲೆಕ್ಕ ಕೇಳಬೇಕು. 2021ರ ಮಾರ್ಚ್‌ನಲ್ಲಿ ನಾಲ್ವರು ನಾಯಕರು ಮೊದಲ ಸಲ ಆನ್‌ಲೈನ್‌ನಲ್ಲಿ ಸೇರಿ, 2022ರ ಕೊನೆಯೊಳಗೆ ಹೈದರಾಬಾದಿನ ಕಾರ್ಖಾನೆಯಲ್ಲಿ 100 ಕೋಟಿ ಡೋಸ್ ಕೋವಿಡ್ ಲಸಿಕೆ ಎಂದು ಮಾತು ಕೊಟ್ಟರು. ಕೆಲವೇ ವಾರಗಳಲ್ಲಿ ಭಾರತದಲ್ಲಿ ಎರಡನೇ ಅಲೆ ಬಂದು ಲಸಿಕೆಯ ರಫ್ತೇ ನಿಂತಿತು. ಮಾತು ಹೇಳಿದಂತೆ ಈಡೇರಲಿಲ್ಲ. ಇನ್ನೊಂದು ಕಡೆ, 2022ರ ಟೋಕಿಯೊ ಸಭೆಯಲ್ಲಿ ಒಪ್ಪಿದ ಒಂದು ಸಣ್ಣ ಕೆಲಸ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ತಮ್ಮ ಗುರುತಿನ ಸಂಕೇತ ಆರಿಸಿಕೊಂಡು ಇನ್ನೊಬ್ಬರ ನೀರಿನಲ್ಲಿ ಕದ್ದು ಮೀನು ಹಿಡಿಯುವ ದೋಣಿಗಳನ್ನು ಉಪಗ್ರಹದಿಂದ ಪತ್ತೆಹಚ್ಚಿ ಸಣ್ಣ ದ್ವೀಪ ದೇಶಗಳಿಗೆ ತಿಳಿಸುವುದು. ಮೀನೇ ಬದುಕಾಗಿರುವ ದೇಶಕ್ಕೆ ಅದು ಯಾವ ಯುದ್ಧನೌಕೆಗಿಂತಲೂ ದೊಡ್ಡದು. 2024ರ ಮೇ ತಿಂಗಳಲ್ಲಿ ಪಪುವಾ ನ್ಯೂಗಿನಿಯಲ್ಲಿ ಗುಡ್ಡ ಕುಸಿದಾಗ ನಾಲ್ವರೂ ಸೇರಿ 50 ಲಕ್ಷ ಡಾಲರ್‌ಗೂ ಹೆಚ್ಚು ನೆರವು ಕೊಟ್ಟರು.

ಕಾಗದವಿಲ್ಲದ ಸಂಬಂಧದ ಇನ್ನೊಂದು ಮುಖ 2025ರಲ್ಲಿ ಕಂಡಿತು. ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ. 50 ಸುಂಕ ಹಾಕಿತು. ಆ ವರ್ಷ ಭಾರತದಲ್ಲಿ ನಡೆಯಬೇಕಿದ್ದ ನಾಯಕರ ಸಭೆ ನಡೆಯಲೇ ಇಲ್ಲ. ಯಾರೂ ಕ್ವಾಡ್ ಬಿಟ್ಟೆವು ಎನ್ನಲಿಲ್ಲ, ಸಭೆ ನಡೆಯಲಿಲ್ಲ, ಅಷ್ಟೆ. 2008ರಲ್ಲಾದರೂ ಒಬ್ಬರು ಬಾಯಿಬಿಟ್ಟು ಹೇಳಿದ್ದರು.

ಸಹಕಾರ ಎಂದರೆ ನಾಲ್ಕೇ ಧ್ವಜ ಅಲ್ಲ ಎನ್ನುವುದಕ್ಕೂ ಉದಾಹರಣೆಗಳಿವೆ. 2025ರ ಏಪ್ರಿಲ್‌ನಲ್ಲಿ ಕಾರವಾರದಿಂದ ‘ಸುನಯನಾ’ ಎಂಬ ಹಡಗು ಹೊರಟಿತು. ಅದರಲ್ಲಿ ಭಾರತೀಯರ ಜೊತೆ ಶ್ರೀಲಂಕಾ, ಮಾಲ್ಡೀವ್ಸ್, ಕೀನ್ಯಾ, ಮಾರಿಷಸ್ ಸೇರಿ ಒಂಬತ್ತು ದೇಶಗಳ 44 ನಾವಿಕರಿದ್ದರು. 2004ರಲ್ಲಿ ಇಲ್ಲದಿದ್ದ ಸುನಾಮಿ ಎಚ್ಚರಿಕೆ ವ್ಯವಸ್ಥೆಯೂ ಈಗ ಇದೆ. ಇಡೀ ಹಿಂದೂ ಮಹಾಸಾಗರಕ್ಕೆ ಮೂರು ದೇಶಗಳು ಆ ಕಾವಲು ಕಾಯುತ್ತವೆ, ಭಾರತ, ಆಸ್ಟ್ರೇಲಿಯಾ ಮತ್ತು ಕ್ವಾಡ್‌ನಲ್ಲಿ ಇಲ್ಲದ ಇಂಡೊನೇಷ್ಯಾ. 2012ರ ಏಪ್ರಿಲ್ 11ರಂದು ಸುಮಾತ್ರಾದ ಆಚೆ 8.6ರ ಭೂಕಂಪವಾದಾಗ ತೀರದ ದೇಶಗಳಿಗೆ ಎಚ್ಚರಿಕೆ ಹೋಯಿತು, ಜನ ಎತ್ತರದ ಜಾಗಕ್ಕೆ ಓಡಿದರು. ದೊಡ್ಡ ಅಲೆ ಬರಲಿಲ್ಲ. ಹೈದರಾಬಾದಿನಲ್ಲೂ ಮೆಲ್ಬರ್ನಿನಲ್ಲೂ ಜಕಾರ್ತಾದಲ್ಲೂ ಈ ರಾತ್ರಿ ಯಾರೋ ಪಾಳಿಯ ಮೇಲೆ ಪರದೆ ನೋಡುತ್ತಾ ಕೂತಿದ್ದಾರೆ.