ಕಾರವಾರದ ಕಡಲು, ರವೀಂದ್ರರ ಸನ್ಯಾಸಿ

ಬಾಲ್ಟಿಕ್ ಸಮುದ್ರದಲ್ಲಿ ಗಾಟ್ಲೆಂಡ್ ಅಂತ ಸ್ವೀಡನ್ನಿನ ಒಂದು ದ್ವೀಪ. ಅಲ್ಲಿನ ವಿಸ್ಬಿ ಪಟ್ಟಣದಲ್ಲಿ 1993ರಲ್ಲಿ ಲೇಖಕರಿಗೆ, ಅನುವಾದಕರಿಗೆ ಅಂತಲೇ ಒಂದು ಕೇಂದ್ರ ಶುರುವಾಯಿತು. ಕೆಲವು ವಾರ ಇದ್ದು, ಕಡಲು ನೋಡ್ತಾ ಬರೆಯೋದು! ಕೊತ್ತಗೆರೆಯ ನಮ್ಮ ಮನೆ ಜಗಲಿಯಲ್ಲಿ ಕೂತು ಇದನ್ನ ಓದಿದಾಗ ನಿಜವಾಗ್ಲೂ ಹೊಟ್ಟೆಕಿಚ್ಚಾಯ್ತು.

ಆಮೇಲೆ ನಮ್ಮ ಕಾರವಾರ ನೆನಪಾಯ್ತು...

1883ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದಿದ್ದರು. ಆಗಿನ್ನೂ 22 ವರ್ಷ. ನೊಬೆಲ್ ಬರೋದಕ್ಕೆ ಇನ್ನೂ 30 ವರ್ಷ ಬಾಕಿ. ಯಾವ ಸಂಸ್ಥೆಯೂ ಕರೆಸಿರಲಿಲ್ಲ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು, ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಅವರಿಗೆ ಅಲ್ಲಿ ಕೆಲಸ. ಅಣ್ಣನ ಮನೆಯೇ ತಮ್ಮನಿಗೆ ಆಶ್ರಯ.

ಅರ್ಧಚಂದ್ರದಂಥ ಕಡಲತೀರ, ಸರ್ವೆ ತೋಪು, ಕಾಳಿ ನದಿ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಗುಡ್ಡದ ಮೇಲಿನ ಶಿವಾಜಿ ಕಾಲದ ಕೋಟೆ ನೋಡಿ, ಮರಳಲ್ಲಿ ನಡ್ಕೊಂಡು ವಾಪಸ್ ಬಂದದ್ದನ್ನ ಅವರು ತಮ್ಮ 'ಜೀವನಸ್ಮೃತಿ'ಯಲ್ಲಿ ಬರೆದಿದ್ದಾರೆ.

ಅಂಥ ಏಕಾಂತದಲ್ಲಿ ಕೂತು ಬರೆದದ್ದು ಏನು ಗೊತ್ತಾ? 'ಪ್ರಕೃತಿರ್ ಪ್ರತಿಶೋಧ್', ಅಂದರೆ ಪ್ರಕೃತಿಯ ಸೇಡು ಅನ್ನೋ ನಾಟಕ. ಅದರಲ್ಲೊಬ್ಬ ಸನ್ಯಾಸಿ. ಎಲ್ಲ ನಂಟು ಕಡಿದುಕೊಂಡು ಗುಹೆಯಲ್ಲಿದ್ದು ಗೆದ್ದೆ ಅಂದುಕೊಂಡವನು. ಊರವರು ಮುಟ್ಟಿಸಿಕೊಳ್ಳದ ಒಬ್ಬ ಅನಾಥ ಹುಡುಗಿ ಅವನನ್ನ ಅಪ್ಪಾ ಅಂತ ಹಚ್ಚಿಕೊಳ್ಳುತ್ತೆ. ಮಮತೆಗೆ ಹೆದರಿ ಬಿಟ್ಟು ಓಡಿಹೋಗ್ತಾನೆ. ಕೊನೆಗೆ ದಂಡ ಕಮಂಡಲ ಎಸೆದು ಹುಡುಕಿಕೊಂಡು ಬಂದರೆ ಆ ಮಗು ಸತ್ತುಹೋಗಿರುತ್ತೆ.

ಏಕಾಂತಕ್ಕೆ ಬಂದವರು ಬರೆದದ್ದು, ಏಕಾಂತಕ್ಕೆ ಓಡಿದವನು ಕಳಕೊಂಡದ್ದರ ಕಥೆ! ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕಾರವಾರದಿಂದ ವಾಪಸ್ ಹೋದ ಮೇಲೆ, ಅದೇ ಡಿಸೆಂಬರಿನಲ್ಲಿ ಅವರ ಮದುವೆ ಆಯ್ತು. ಇವತ್ತು ಆ ತೀರಕ್ಕೆ ಅವರದೇ ಹೆಸರು.

ನನ್ನ ಕಥೆ ಕೇಳಿ. ನಮ್ಮೂರ ಕೆರೆ, ಬರಗಾಲ, ಹಳೇ ಜನ ಅಂತ ಅಜ್ಜಿ ಏನಾದರೂ ಶುರು ಮಾಡಿದರೆ "ಇರಜ್ಜಿ, ಬಿಡುವು ಮಾಡ್ಕೊಂಡು ಎಲ್ಲಾ ಬರ್ಕೋತೀನಿ" ಅಂತಿದ್ದೆ. ಬರೆಯೋಕೆ ಒಂದು ಒಳ್ಳೆ ಜಾಗ ಬೇಕು ಅಂತ ಕಾಯ್ತಾ ಇದ್ದೆ. ಅಜ್ಜಿ ಹೋಗಿ ಎರಡು ವರ್ಷ ಆಯ್ತು. ಜಗಲಿ ಇಲ್ಲೇ ಇದೆ.

ನಿಮ್ಮ ಮನೆಯಲ್ಲೂ ಹೇಳುವವರು ಇದ್ದರೆ, ಇವತ್ತೇ ಕೂತು ಕೇಳಿ. ದ್ವೀಪಕ್ಕೆ ಆಮೇಲೆ ಹೋದರಾಯ್ತು.